ಉಪ್ಪಾಗೆಯೂ ಮೈಯ ಬೊಜ್ಜೂ

ಮುಂಬಯಿಯ ಅಡಿಗೆಮನೆಗಳಲ್ಲಿ ಬಳಕೆಯಾಗುವ ಕೋಕಮ್ ಹುಳಿಯನ್ನು ಬಾಲಕರೆಲ್ಲರೂ ಬಲ್ಲರು. ಸಹ್ಯಾದ್ರಿಯ ಕಾಡುಗಳಲ್ಲಿ ಅದೇ ಕುಲದ ಇನ್ನೊಂದು ಮರವುಂಟು, ಅದೇ ಉಪ್ಪಾಗೆ. ಉತ್ತರ ಕನ್ನಡದ ಜನರು ಅದರ ಹಣ್ಣಿನ ಸಿಪ್ಪೆಯನ್ನು ಒಣಗಿಸಿಡುವರು. ಬೀಜದಿಂದ ತುಪ್ಪವನ್ನು ತೆಗೆಯುವರು.

ಬೊಜ್ಜು ಕೇವಲ ರೂಪದ ಕೊರತೆಯಲ್ಲ. ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳಿಗೆ ಅದು ದಾರಿಮಾಡಿಕೊಡುತ್ತದೆ. ಇದಕ್ಕೆ ಉಪ್ಪಾಗೆಯೇ ಮದ್ದೆಂಬ ನಂಬಿಕೆ ಹುಟ್ಟಿದುದು ಹೇಗೆ?

1965ರಲ್ಲಿ ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು ಈ ಹಣ್ಣಿನ ಮುಖ್ಯ ಹುಳಿಯು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ತೋರಿಸಿದರು. ನಾವು ಉಂಡ ಆಹಾರದಲ್ಲಿ ಮಿಕ್ಕ ಸಕ್ಕರೆಯಂಶವನ್ನು ದೇಹವು ಕೊಬ್ಬನ್ನಾಗಿ ಮಾರ್ಪಡಿಸುತ್ತದೆ. ಅದಕ್ಕೆ ಬೇಕಾದ ಕಿಣ್ವವೊಂದನ್ನು ಈ ಆಮ್ಲವು ತಡೆಯುವುದು. ಇಲಿಗಳಲ್ಲಿ ಕೊಬ್ಬಿನ ಉತ್ಪತ್ತಿ ತಗ್ಗಿದುದೂ ಕಂಡುಬಂದಿತು. ಇದರಿಂದ ಸಿಪ್ಪೆಯ ಸತ್ತ್ವವು ಗುಳಿಗೆಯಾಗಿ ಅಂಗಡಿಗೆ ಬಂದಿತು.

ಆದರೆ ಇಲಿಯ ಮಾತು ಬೇರೆ, ಮನುಷ್ಯನ ಮಾತು ಬೇರೆ. 1998ರಲ್ಲಿ ಅಮೆರಿಕೆಯ ವೈದ್ಯರು 135 ಮಂದಿ ಸ್ಥೂಲಕಾಯರನ್ನು 12 ವಾರಗಳ ಪರೀಕ್ಷೆಗೆ ತೆಗೆದುಕೊಂಡರು. ಕೆಲವರಿಗೆ ಸತ್ತ್ವದ ಗುಳಿಗೆ, ಉಳಿದವರಿಗೆ ಸತ್ತ್ವವಿಲ್ಲದ ಹುಸಿಗುಳಿಗೆ. ಎಲ್ಲರಿಗೂ ಮಿತವಾದ ಊಟ. ಸತ್ತ್ವವನ್ನು ಸೇವಿಸಿದವರ ತೂಕ ಸರಾಸರಿ 3.2 ಕಿಲೋ ಇಳಿಯಿತು, ಹುಸಿಗುಳಿಗೆಯವರದು 4.1 ಕಿಲೋ! ಈ ಅಂತರವು ಗಣನೀಯವಲ್ಲವೆಂದು ಅವರು ನಿರ್ಣಯಿಸಿದರು. ಸತ್ತ್ವದಿಂದ ಲಾಭವೇನೂ ಕಾಣಲಿಲ್ಲ. ಮೇಲಾಗಿ, ಇಂಥ ಗುಳಿಗೆಗಳನ್ನು ನುಂಗಿ ಯಕೃತ್ತು ಕೆಟ್ಟವರೂ ಉಂಟು.

ಆದುದರಿಂದ ವಿದ್ಯಾರ್ಥಿಗಳೇ, ಗಿಡಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವೆಂದು ತಿಳಿಯಬೇಡಿರಿ. ಉಪ್ಪಾಗೆ ಸಾರಿಗೆ ರುಚಿ ಕೊಡಲಿ. ಮೈಯ ಹೊಣೆಯನ್ನು ಮಿತಾಹಾರವೂ ಆಟದ ಬಯಲೂ ಹೊರಲಿ.