ಎರಡು ಒಲೆ, ಐದು ಅಡುಗೆ

ಮನೆಗೆ ನೆಂಟರು ಊಟಕ್ಕೆ ಬರುವವರಿದ್ದಾರೆ. ಗ್ಯಾಸ್ ಸ್ಟವ್‌ನಲ್ಲಿ ಇರುವುದು ಎರಡೇ ಒಲೆ. ಬೇಳೆ ಬೇಯಲು 30 ನಿಮಿಷ, ಆ ಬೇಳೆಯ ಸಾರಿಗೆ 20, ಅನ್ನಕ್ಕೆ 20, ಪಲ್ಯಕ್ಕೆ 15, ಪಾಯಸಕ್ಕೆ 15. ಮಕ್ಕಳೇ, ಮೊದಲು ಯಾವುದನ್ನು ಒಲೆಗೇರಿಸುತ್ತೀರಿ? ಪೆನ್ಸಿಲ್ ಹಿಡಿಯಿರಿ, ಲೆಕ್ಕ ಹಾಕೋಣ.

ಮೊದಲು ಅನ್ನ ಮತ್ತು ಪಲ್ಯ ಇಟ್ಟಿರಿ ಎನ್ನೋಣ. 15ನೇ ನಿಮಿಷಕ್ಕೆ ಪಲ್ಯ ಇಳಿಸಿ ಪಾಯಸ ಇಡುತ್ತೀರಿ. 20ಕ್ಕೆ ಅನ್ನ ಇಳಿಸಿ ಬೇಳೆ ಇಡುತ್ತೀರಿ. 30ಕ್ಕೆ ಪಾಯಸ ಮುಗಿದು ಒಂದು ಒಲೆ ಖಾಲಿ. ಆದರೆ ಬೇಳೆ ಬೇಯದೆ ಸಾರಿಲ್ಲವಲ್ಲ! ಬೇಳೆ ಬೇಯುವುದು 50ಕ್ಕೆ, ಸಾರು ಆಗುವುದು 70ಕ್ಕೆ.

ಈಗ ಬೇಳೆಯನ್ನೇ ಮೊದಲು ಇಡಿ. ಒಂದು ಒಲೆಯಲ್ಲಿ ಬೇಳೆ, ಅದರ ಹಿಂದೆಯೇ ಸಾರು. ಇನ್ನೊಂದರಲ್ಲಿ ಸಾಲಾಗಿ ಅನ್ನ, ಪಲ್ಯ, ಪಾಯಸ. ಎರಡೂ ಕಡೆ 50 ನಿಮಿಷಕ್ಕೆ ಮುಗಿಯಿತು! ಒಲೆ ಅವೇ, ಅಡುಗೆ ಅವೇ; ಅಜ್ಜಿ ಅಡುಗೆಮನೆಯಲ್ಲಿ ನಿಲ್ಲುವುದು 20 ನಿಮಿಷ ತಪ್ಪಿತು. ಐದು ಒಲೆ ತಂದಿಟ್ಟರೂ ಇದಕ್ಕಿಂತ ಬೇಗ ಆಗದು. ಬೇಳೆ–ಸಾರಿನ ಸರಪಳಿಯೇ 50 ನಿಮಿಷ.

ಇಂಥ ಅತಿ ಉದ್ದದ ಸರಪಳಿಗೆ ‘ಕ್ರಿಟಿಕಲ್ ಪಾತ್’ ಎಂದು ಹೆಸರು. ಕಾರ್ಖಾನೆ ಕೆಲಸಗಳಿಗಾಗಿ ಅಮೆರಿಕದ ಮಾರ್ಗನ್ ವಾಕರ್ ಮತ್ತು ಜೇಮ್ಸ್ ಕೆಲ್ಲಿ 1957ರಲ್ಲಿ ಈ ವಿಧಾನ ರೂಪಿಸಿದರು. ಆದರೆ ಜನ, ಯಂತ್ರಗಳು ಕಡಿಮೆ ಇದ್ದಾಗ ಸರಪಳಿ ಗೊತ್ತಾದರೆ ಸಾಲದು, ಸರದಿಯನ್ನೂ ಗೊತ್ತುಮಾಡಬೇಕು. ಐದು ಕೆಲಸಗಳನ್ನು 120 ರೀತಿ ಸಾಲಾಗಿ ಜೋಡಿಸಬಹುದು. ಹತ್ತಾದರೆ 36,28,800 ರೀತಿ! ಕೆಲಸ ನೂರಾರಾದರೆ ಕಂಪ್ಯೂಟರಿಗೂ ಎಲ್ಲವನ್ನೂ ಪರೀಕ್ಷಿಸಲಾಗದು. ಆದ್ದರಿಂದ ಅದೂ ಒಂದು ಸರಳ ನಿಯಮ ಹಿಡಿಯುತ್ತದೆ: ಯಾವುದರ ಹಿಂದೆ ಉದ್ದದ ಸರಪಳಿ ಇದೆಯೋ ಅದಕ್ಕೆ ಮೊದಲ ಸರದಿ. ಇದು ಯಾವಾಗಲೂ ಅತ್ಯುತ್ತಮ ಉತ್ತರ ಕೊಡದಿದ್ದರೂ ಸಾಮಾನ್ಯವಾಗಿ ಒಳ್ಳೆಯ ಉತ್ತರ ಕೊಡುತ್ತದೆ.

ಗಣಿತಜ್ಞ ರೊನಾಲ್ಡ್ ಗ್ರಹಾಂ 1966ರಲ್ಲಿ ಒಂದು ಸಮಾಧಾನದ ಮಾತು ಸಾಧಿಸಿ ತೋರಿಸಿದರು. ಮಾಡಬಹುದಾದ ಕೆಲಸವಿರುವಾಗ ಒಲೆಯನ್ನು ಖಾಲಿ ಬಿಡದಿದ್ದರೆ, ಸರದಿ ಹೇಗೇ ಇರಲಿ, ಎರಡು ಒಲೆಗಳಲ್ಲಿ ಅತಿ ಕಡಿಮೆ ಸಮಯದ ಒಂದೂವರೆ ಪಟ್ಟು ಮೀರದು. ನಮ್ಮ ಲೆಕ್ಕಕ್ಕೆ ಅದು 75 ನಿಮಿಷ.

ಮಾರ್ಚ್ 31ರ ರಾತ್ರಿ ಬ್ಯಾಂಕಿನಲ್ಲಿ ನಾವೂ ಹಾಗೆಯೇ: ಯಾವ ಲೆಕ್ಕಕ್ಕಾಗಿ ಉಳಿದವರು ಕಾಯುತ್ತಿರುವರೋ ಅದು ಮೊದಲು. ಪರೀಕ್ಷೆಯ ಓದಿಗೂ ಇದು ಸಲ್ಲುತ್ತದೆ. ಗುಣಾಕಾರ ಬಾರದೆ ಭಾಗಾಕಾರ ಹತ್ತದು.

ಈಗ ನಿಮ್ಮ ಸರದಿ. 5 ನಿಮಿಷದ ಹಪ್ಪಳವೂ ಸೇರಿದರೆ ಎಷ್ಟು ಹೊತ್ತು ಬೇಕು? ಅಜ್ಜಿಯ ಜೊತೆ ಕೂತು ಲೆಕ್ಕ ಮಾಡಿ.

(ಉತ್ತರ: 55 ನಿಮಿಷ)