ಮರದಲ್ಲೇ ಒಣಗುವ ಹಣ್ಣು

ಬಾವೊಬಾಬ್ ಹಣ್ಣನ್ನು ಒಡೆಯಲು ಚಾಕು ಸಾಲದು, ಕಲ್ಲೇ ಬೇಕು. ಗಟ್ಟಿ ಚಿಪ್ಪು, ಅದರ ಮೇಲೆ ಮಖಮಲ್ಲಿನಂಥ ನವಿರು ರೋಮ. ಒಡೆದರೆ ಒಳಗೆ ಒಂದು ಹನಿ ರಸವೂ ಇಲ್ಲ. ಕೆಂಪು ನಾರುಗಳ ನಡುವೆ ಬೀಜಗಳಿಗೆ ಅಂಟಿಕೊಂಡ ಬೆಳ್ಳನೆಯ ತಿರುಳು, ಥೇಟ್ ಸೀಮೆಸುಣ್ಣದ ತುಂಡುಗಳ ಹಾಗೆ. ಬಾಯಿಗೆ ಹಾಕಿಕೊಂಡರೆ ಮೊದಲು ಒಣಹಿಟ್ಟು ಎನಿಸುತ್ತದೆ. ಎಂಜಲಿಗೆ ಕರಗುತ್ತಿದ್ದಂತೆ ಹುಳಿ ಜುಮ್ಮೆಂದು ಏಳುತ್ತದೆ.

ಸೆನೆಗಲ್‌ನಿಂದ ಟಾಂಜಾನಿಯಾದವರೆಗೆ ಆಫ್ರಿಕಾದ ಸವನ್ನಾ ಹುಲ್ಲುಗಾವಲಿನಲ್ಲಿ ಈ ಮರ ತಾನಾಗಿಯೇ ಬೆಳೆಯುತ್ತದೆ. ಮಳೆ ನಿಂತು ಹುಲ್ಲು ಒಣಗಿದಾಗ ಇದರ ಹಣ್ಣು ಮಾಗುತ್ತದೆ, ಮರದಲ್ಲೇ ಒಣಗುತ್ತದೆ. ನೀರಿಲ್ಲದ, ಹುಳಿ ತುಂಬಿದ ತಿರುಳಿನಲ್ಲಿ ಬೂಷ್ಟಿಗೆ ನೆಲೆ ಸಿಗುವುದಿಲ್ಲ. ಹಾಗಾಗಿ ಚಿಪ್ಪು ಒಡೆಯದಿದ್ದರೆ ತಿಂಗಳುಗಟ್ಟಲೆ ಕೆಡದು. ಕಣಜ ಬರಿದಾಗುವ ದಿನಗಳಿಗೆ ಇದಕ್ಕಿಂತ ಒಳ್ಳೆಯ ಬುತ್ತಿ ಯಾವುದು?

ಯುರೋಪಿನಲ್ಲಿ ಈ ತಿರುಳಿನ ಮಾರಾಟಕ್ಕೆ ಅನುಮತಿ ಸಿಕ್ಕಿದ್ದು 2008ರಲ್ಲಿ. ಆಮೇಲೆ 'ಕಿತ್ತಳೆಗಿಂತ ಆರು ಪಟ್ಟು ವಿಟಮಿನ್ ಸಿ' ಎಂಬ ಜಾಹೀರಾತುಗಳು ಹಬ್ಬಿದವು. ನೂರು ಗ್ರಾಂ ತಿರುಳಿನಲ್ಲಿ ಸಾಮಾನ್ಯವಾಗಿ 150ರಿಂದ 300 ಮಿಲಿಗ್ರಾಂ ವಿಟಮಿನ್ ಸಿ ಇರುವುದು ನಿಜ; ಕಿತ್ತಳೆಯಲ್ಲಿ ಸುಮಾರು 50. ಆದರೆ ಕಿತ್ತಳೆಯ ತೂಕದಲ್ಲಿ ಶೇ. 87ರಷ್ಟು ನೀರು. ಒಣ ಪುಡಿಯನ್ನು ರಸದ ಹಣ್ಣಿನ ಜತೆ ತಕ್ಕಡಿಗೆ ಹಾಕುವುದು ನ್ಯಾಯವಲ್ಲ. ಹತ್ತು ಗ್ರಾಂ ಪುಡಿ ತಿಂದರೆ ಸಿಗುವುದು 15ರಿಂದ 30 ಮಿಲಿಗ್ರಾಂ ಅಷ್ಟೆ.

ನನ್ನ ಪ್ರಕಾರ ಇದರ ನಿಜವಾದ ಸಂಪತ್ತು ಬೇರೆ ಕಡೆ ಇದೆ. ತಿರುಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನಾರು. ಅದರಲ್ಲಿ ಪೆಕ್ಟಿನ್ ಧಾರಾಳವಾಗಿದೆ. ಜಾಮ್ ಗಟ್ಟಿಯಾಗುವುದು ಈ ಪೆಕ್ಟಿನ್‌ನಿಂದಲೇ. ನೂರು ಗ್ರಾಂಗೆ ಸುಮಾರು 300 ಮಿಲಿಗ್ರಾಂ ಕ್ಯಾಲ್ಸಿಯಂ ಕೂಡ ಉಂಟು. ಇನ್ನು, ಸಜ್ಜೆಯ ಗಂಜಿಗೆ ಈ ತಿರುಳು ಸೇರಿಸಿದಾಗ ಆಗುವ ಉಪಕಾರ ದೊಡ್ಡದು. ಸಜ್ಜೆಯಲ್ಲಿ ಕಬ್ಬಿಣವಿದ್ದರೂ ಫೈಟೇಟ್ ಎಂಬ ವಸ್ತು ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ವಿಟಮಿನ್ ಸಿ ಮತ್ತು ಸಿಟ್ರಿಕ್ ಆಮ್ಲ ಆ ಹಿಡಿತವನ್ನು ಸಡಿಲಿಸಿ, ಕರುಳು ಹೀರಬಲ್ಲ ರೂಪದಲ್ಲಿ ಕಬ್ಬಿಣವನ್ನು ಉಳಿಸುತ್ತವೆ. ಗಂಜಿ ಆರಿದ ಮೇಲೆ ಬೆರೆಸಬೇಕು; ಕುದಿಸಿದರೆ ವಿಟಮಿನ್ ಸಿ ನಷ್ಟವಾಗುತ್ತದೆ. ಸೆನೆಗಲ್‌ನಲ್ಲಿ ತಿರುಳನ್ನು ನೀರಲ್ಲಿ ನೆನೆಸಿ, ಬೀಜ ಸೋಸಿ, ಸಕ್ಕರೆ ಹಾಕಿ 'ಬೂಯಿ' ಎಂಬ ಪಾನಕ ಮಾಡುತ್ತಾರೆ. ಟಾಂಜಾನಿಯಾದ ಹಡ್ಜಾ ಜನ ಬೀಜವನ್ನೂ ಬಿಸಾಡುವುದಿಲ್ಲ, ಕುಟ್ಟಿ ಹಿಟ್ಟು ಮಾಡಿ ತಿನ್ನುತ್ತಾರೆ. ಕೊಬ್ಬು, ಪ್ರೋಟೀನು ಇರುವುದು ಅದರಲ್ಲೇ.  

ಈ ಮರ ನಮ್ಮಲ್ಲೂ ಉಂಟು: ಹಾವೇರಿ ಜಿಲ್ಲೆಯ ಸವಣೂರಿನ ಮಠದ ಅಂಗಳದಲ್ಲಿ ಬಾವೊಬಾಬ್ ಮರಗಳಿವೆ. ಊರವರ ಬಾಯಲ್ಲಿ ಅವು ದೊಡ್ಡ ಹುಣಸೆ. ಸಸ್ಯಶಾಸ್ತ್ರದಲ್ಲಿ ಬಾವೊಬಾಬ್ ಮತ್ತು ಹುಣಸೆ ಬೇರೆ ಬೇರೆ ಕುಟುಂಬದವು. ಆದರೂ ಹೆಸರು ತಪ್ಪೆನ್ನಲಾರೆ: ಹುಣಸೆಗೆ ಹುಳಿ ಕೊಡುವ ಟಾರ್ಟಾರಿಕ್ ಆಮ್ಲ ಬಾವೊಬಾಬ್ ತಿರುಳಿನಲ್ಲೂ ಇದೆ. ನಮ್ಮ ಸಾರಿಗೆ ಕಿವುಚುವ ಹುಣಸೆಯ ತವರೂ ಆಫ್ರಿಕಾವೇ.