ಕಾವಿಗೆ ಕೂತ ಹೇಂಟೆಗೂ ಬಾಣಂತನ ಬೇಕು

ಕೋಲ್ಕತ್ತದ ಸಿಯಾಲ್ದಾ ನಿಲ್ದಾಣಕ್ಕೆ ದಕ್ಷಿಣದ ಕಡೆಯಿಂದ ಬರುವ ಲೋಕಲ್ ರೈಲುಗಳಲ್ಲಿ ಸೊಪ್ಪು, ತರಕಾರಿ, ಮೀನಿನ ಜೊತೆಗೆ ನಾಟಿ ಕೋಳಿ, ಬಾತುಕೋಳಿ ಮೊಟ್ಟೆಗಳೂ ಬರುತ್ತವೆ. ಕ್ಯಾನಿಂಗ್, ಬಾರುಇಪುರ, ಸೋನಾರ್‌ಪುರದ ಸುತ್ತಲಿನ ಹಳ್ಳಿಗಳಲ್ಲಿ ಹಿತ್ತಿಲ ಕೋಳಿ ಎಂದರೆ ಹೆಂಗಸರ ಕೈಖರ್ಚಿನ ಗಂಟು. ಪೇಟೆಯಲ್ಲಿ ಫಾರಂ ಮೊಟ್ಟೆಗಿಂತ ನಾಟಿ ಮೊಟ್ಟೆಗೆ ದರವೂ ಹೆಚ್ಚು. ಆದರೂ ಹಿತ್ತಿಲಲ್ಲಿ ಕೋಳಿಗಳ ಸಂಖ್ಯೆ ಸುಲಭಕ್ಕೆ ಏರುವುದಿಲ್ಲ. ಹತ್ತು ಮರಿ ಹೊರಬಂದರೆ ಐದನ್ನು ಉಳಿಸಿಕೊಳ್ಳುವುದೇ ಕಷ್ಟ. ನಷ್ಟವಾಗುವುದು ಹೆಚ್ಚಾಗಿ ಕಾವಿನ 21 ದಿನ ಮತ್ತು ಮರಿಯ ಮೊದಲ ಒಂದು ತಿಂಗಳಲ್ಲಿ.

ಕೋಲ್ಕತ್ತದಿಂದ ಉತ್ತರಕ್ಕೆ, ನದಿಯಾ ಜಿಲ್ಲೆಯ ಹರಿಣಘಾಟಾದಲ್ಲಿ ಸರ್ಕಾರದ ದೊಡ್ಡ ಪಶುಸಂಗೋಪನಾ ಕ್ಷೇತ್ರವಿದೆ. ಆ ಊರ ಹೆಸರನ್ನೇ ಹೊತ್ತ ಹರಿಣಘಾಟಾ ಕಪ್ಪು ಕೋಳಿ ದೇಶದ ಅಧಿಕೃತ ನಾಟಿ ತಳಿಗಳ ಪಟ್ಟಿಯಲ್ಲಿ ಸೇರಿದೆ. ಸರ್ಕಾರ ಸ್ವಸಹಾಯ ಸಂಘಗಳಿಗೆ ಕೊಡುತ್ತ ಬಂದದ್ದು ಮಾತ್ರ ಹೆಚ್ಚಾಗಿ ರೋಡ್ ಐಲೆಂಡ್ ರೆಡ್ ಮರಿಗಳನ್ನು. ಮೊಟ್ಟೆ ಚೆನ್ನಾಗಿ ಇಡುವ ಈ ಕೆಂಪು ಕೋಳಿಗಳು ಕಾವಿಗೆ ಕೂರುವುದು ಕಡಿಮೆ. ಕರ್ನಾಟಕದ ರೈತರಿಗೆ ಇದು ಗೊತ್ತಿರುವ ಸಂಗತಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಕೋಳಿಯ ಮೊಟ್ಟೆಗಳನ್ನೂ ಮರಿ ಮಾಡಿಸಲು ನಾಟಿ ಹೇಂಟೆಯ ಹೊಟ್ಟೆಯಡಿಗೇ ಇಡಬೇಕಾಯಿತು. ಕರೆಂಟಿಲ್ಲದೆ ಮರಿ ಮಾಡುವ ಯಂತ್ರ ಬಡವರ ಮನೆಯಲ್ಲಿ ಅದೊಂದೇ.

ಒಂದು ಸರದಿ ಮೊಟ್ಟೆ ಮುಗಿಯುತ್ತಿದ್ದಂತೆ ಹೇಂಟೆಯ ಮೈಯಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರುತ್ತದೆ. ಹಸುವಿನಲ್ಲಿ ಹಾಲಿಗೆ ನೆರವಾಗುವುದೂ ಇದೇ. ಆಗ ಕೋಳಿ ಗೂಡು ಬಿಟ್ಟು ಏಳುವುದಿಲ್ಲ. ಕೈ ಹತ್ತಿರ ಒಯ್ದರೆ ಪುಕ್ಕ ಕೆದರಿ ಗುರುಗುಟ್ಟುತ್ತದೆ, ಕುಕ್ಕುತ್ತದೆ. ಎದೆಯ ಪುಕ್ಕ ಉದುರಿ, ಬೆಚ್ಚಗಿನ ಬರಿಮೈ ನೇರವಾಗಿ ಮೊಟ್ಟೆಗೆ ತಾಗುತ್ತದೆ. ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಎದ್ದು, ಸಿಕ್ಕಿದ್ದನ್ನು ಕುಕ್ಕಿ, ನೀರು ಕುಡಿದು ಓಡಿ ಬರುತ್ತದೆ. ಆ ಹೊತ್ತಿಗೆ ಕಾಳು ಸಿಗದಿದ್ದರೆ ಹಸಿದುಕೊಂಡೇ ಮತ್ತೆ ಕೂರುತ್ತದೆ. ಮೂರು ವಾರ ಕಳೆಯುವಷ್ಟರಲ್ಲಿ ಮೈ ಇಳಿದು, ಎದೆಯ ಮೂಳೆ ಕೈಗೆ ಚುಚ್ಚುತ್ತದೆ. ಇಷ್ಟು ಸೊರಗಿದ ಕೋಳಿ ಮತ್ತೆ ಮೊಟ್ಟೆಗೆ ಬರಲು ತಿಂಗಳುಗಟ್ಟಲೆ ಬೇಕು.

ಗಡಿಯಾಚೆ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಇದಕ್ಕೆ ಅಗ್ಗದ ಪರಿಹಾರವಿದೆ. ಅದರ ಹೆಸರು ಹಾಜಲ್. ಜೇಡಿಮಣ್ಣಿನಲ್ಲಿ ಮಾಡಿದ ಅಗಲ ಬಾಯಿಯ ಬೋಗುಣಿ. ಅದರ ಅಂಚಿಗೆ ಎರಡು ಪುಟ್ಟ ಬಟ್ಟಲುಗಳನ್ನು ಸೇರಿಸಿರುತ್ತಾರೆ. ಒಂದರಲ್ಲಿ ಕಾಳು, ಇನ್ನೊಂದರಲ್ಲಿ ನೀರು. ಒಳಗೆ ಹುಲ್ಲು ಹಾಸಿ ಮೊಟ್ಟೆ ಇಟ್ಟರೆ, ಹೇಂಟೆ ಕೂತಲ್ಲಿಂದಲೇ ಕೊಕ್ಕು ಚಾಚಿ ತಿನ್ನುತ್ತದೆ. ಮೊಟ್ಟೆ ತಣ್ಣಗಾಗುವುದಿಲ್ಲ, ತಾಯಿಯ ತೂಕವೂ ಅಷ್ಟಾಗಿ ಇಳಿಯುವುದಿಲ್ಲ. ಕೋಳಿ ಸಾಕಣೆಯಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಲಾಭ ಕೊಡುವ ಇನ್ನೊಂದು ಸಾಧನ ಹುಡುಕುವುದು ಕಷ್ಟ. ಹಾಜಲ್ ಇಲ್ಲದವರು ಬುಟ್ಟಿಯ ಪಕ್ಕಕ್ಕೆ ಎರಡು ತೆಂಗಿನ ಚಿಪ್ಪು ಕಟ್ಟಿದರೂ ಆಯಿತು.

ಗೂಡಿನ ತಳಕ್ಕೆ ಒಂದಿಷ್ಟು ಬೂದಿ, ಬೇವಿನೆಲೆ ಹಾಕಿದರೆ ಹೇನಿನ ಕಾಟ ತಗ್ಗುತ್ತದೆ. ಹೇನು ಕಡಿದರೆ ಎಂಥ ತಾಯಿಕೋಳಿಯೂ ನಡುವೆ ಎದ್ದು ಹೋಗುತ್ತದೆ. ಒಂದು ಹೇಂಟೆಗೆ ಹತ್ತು ಹನ್ನೆರಡು ಮೊಟ್ಟೆ ಸಾಕು. ಮೊಟ್ಟೆ ಹಳತಾಗಿರಬಾರದು: ಒಂದು ವಾರದೊಳಗಿನದ್ದು ಸರಿ, ಕೋಲ್ಕತ್ತದ ಮೇ ತಿಂಗಳ ಸೆಕೆಯಲ್ಲಾದರೆ ಮೂರು ನಾಲ್ಕು ದಿನದೊಳಗಿನದ್ದೇ ಆಗಬೇಕು. ಕೂರಿಸುವುದು ಕತ್ತಲಾದ ಮೇಲೆ. ಆಗ ಕೋಳಿ ಗಲಾಟೆ ಮಾಡುವುದಿಲ್ಲ. ಏಳನೇ ರಾತ್ರಿ ಮೊಟ್ಟೆಯನ್ನು ಟಾರ್ಚಿನ ಬೆಳಕಿಗೆ ಹಿಡಿದರೆ, ಜೀವ ಇರುವುದರಲ್ಲಿ ಕೆಂಪು ನರಗಳು ಕವಲೊಡೆದು ಕಾಣುತ್ತವೆ. ಏನೂ ಕಾಣದ ಮೊಟ್ಟೆಯನ್ನು ತೆಗೆದುಬಿಡಬೇಕು.

ಎರಡು ಮೂರು ಹೇಂಟೆಗಳನ್ನು ಒಂದೇ ದಿನ ಕೂರಿಸುವ ಜಾಣತನವೂ ಉಂಟು. ಮರಿಗಳೆಲ್ಲ ಒಟ್ಟಿಗೆ ಹೊರಬಂದಾಗ, ರಾತ್ರಿ ಹೊತ್ತು ಅವನ್ನು ಒಂದೇ ತಾಯಿಯ ರೆಕ್ಕೆಯಡಿ ಸೇರಿಸಿದರೆ ಉಳಿದ ಹೇಂಟೆಗಳು ಬೇಗ ಮೊಟ್ಟೆಗೆ ಮರಳುತ್ತವೆ. ಬಂಗಾಳದ ಹಳ್ಳಿಗಳಲ್ಲಿ ಬಾತುಕೋಳಿ ಮೊಟ್ಟೆಗೂ ನಾಟಿ ಹೇಂಟೆಯೇ 28 ದಿನ ಕಾವು ಕೊಡುತ್ತದೆ.

ಮರಿ ಬೇಡದಿದ್ದಾಗ ಕಾವು ಬಿಡಿಸಲು ಮೂಗಿಗೆ ಪುಕ್ಕ ಚುಚ್ಚುವುದು, ನೀರಿಗೆ ಅದ್ದುವುದು ಎರಡು ಬಂಗಾಳದಲ್ಲೂ ಇದೆ, ನಮ್ಮಲ್ಲೂ ಇದೆ. ಅದು ಬರೀ ಹಿಂಸೆ. ತಳಕ್ಕೆ ಗಾಳಿಯಾಡುವ ತಂತಿ ಪಂಜರವನ್ನು ನೆಲದಿಂದ ಎತ್ತರಕ್ಕಿಟ್ಟು, ಬೆಳಕಿರುವ ಕಡೆ ಮೂರು ನಾಲ್ಕು ದಿನ ಕಾಳು ನೀರು ಕೊಟ್ಟು ಕೋಳಿಯನ್ನು ಅದರಲ್ಲಿ ಕೂಡಿಹಾಕಿದರೆ ಸಾಕು. ಹೊಟ್ಟೆಯಡಿ ತಂಪಾದಂತೆ ಕಾವು ಇಳಿಯುತ್ತದೆ.

ಮೊಟ್ಟೆಯೊಡೆದ ಮರಿಯ ಹೊಟ್ಟೆಯಲ್ಲಿ ಎರಡು ದಿನಕ್ಕಾಗುವಷ್ಟು ಹಳದಿ ಭಂಡಾರ ಉಳಿದಿರುತ್ತದೆ. ಹಾಗೆಂದು ತಡ ಮಾಡಬಾರದು. ಮೊದಲು ಶುದ್ಧ ನೀರು, ಆಮೇಲೆ ಸಣ್ಣ ನುಚ್ಚು. ನೀರಿನ ತಟ್ಟೆಯಲ್ಲಿ ನಾಲ್ಕು ಬೆಣಚುಕಲ್ಲು ಹಾಕಿದರೆ ಮರಿ ಮುಳುಗುವುದಿಲ್ಲ. ನುಚ್ಚೊಂದರಿಂದಲೇ ಮರಿ ಬೆಳೆಯದು. ಶೇ 20ರಷ್ಟು ಪ್ರೋಟೀನಿರುವ ಸ್ಟಾರ್ಟರ್ ಆಹಾರ, ಇಲ್ಲವೇ ಗೆದ್ದಲು ಹುಳುವಾದರೂ ಬೇಕು. ತಾಯಿ ಇಲ್ಲದ ಮರಿಗೆ ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಬಿಸಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಕಡಿಮೆ. ಬಲ್ಬಿನಡಿ ಮರಿಗಳು ಒಂದರ ಮೇಲೊಂದು ಬಿದ್ದರೆ ಚಳಿ, ಕೊಕ್ಕು ತೆರೆದು ದೂರ ಸರಿದರೆ ಸೆಕೆ. ಮಳೆಗಾಲದಲ್ಲಿ ಹಾಸಿದ ಭತ್ತದ ಹೊಟ್ಟು ಒದ್ದೆಯಾದರೆ ರಕ್ತಭೇದಿ ಹಿಡಿಯುತ್ತದೆ. ಕಾಗೆ, ಹದ್ದು, ಮುಂಗುಸಿಗಳಿಂದ ಕಾಪಾಡಲು ಮೊದಲ ನಾಲ್ಕು ವಾರ ತಾಯಿ ಮರಿಗಳನ್ನು ಬಿದಿರ ಬುಟ್ಟಿಯಡಿ ಇಡುವುದೇ ಕ್ಷೇಮ.

ಇಷ್ಟೆಲ್ಲ ಮಾಡಿ ಲಸಿಕೆ ಮರೆತರೆ ದುಡಿಮೆಯೆಲ್ಲ ನೀರುಪಾಲು. ನಮ್ಮ ಹಳ್ಳಿಗರು ಕೊಕ್ಕರೆ ರೋಗ ಎನ್ನುವ ರಾಣಿಖೇತ್ ಕಾಯಿಲೆ ಕೆಲವೇ ದಿನದಲ್ಲಿ ಹಿತ್ತಿಲನ್ನು ಬರಿದು ಮಾಡುತ್ತದೆ. 5ರಿಂದ 7ನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ ಲಸಿಕೆ, ನಾಲ್ಕನೇ ವಾರ ಮತ್ತೊಮ್ಮೆ, ಎಂಟನೇ ವಾರದ ಹೊತ್ತಿಗೆ ಚುಚ್ಚುಮದ್ದು ಬೇಕೇ ಬೇಕು. ಹಕ್ಕಿಜ್ವರಕ್ಕೆ ಮಾತ್ರ ಎಚ್ಚರವೊಂದೇ ದಾರಿ. 2008ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಬೀರ್‌ಭೂಮ್ ಕಡೆ ಕಾಣಿಸಿಕೊಂಡ ಆ ರೋಗ ಆ ರಾಜ್ಯದ ಹಲವು ಜಿಲ್ಲೆಗಳಿಗೆ ಹಬ್ಬಿ, ಸುಮಾರು 40 ಲಕ್ಷ ಕೋಳಿಗಳನ್ನು ಕೊಲ್ಲಬೇಕಾಯಿತು. ಹಿತ್ತಿಲ ಕೋಳಿಗಳು ಒಮ್ಮೆಗೇ ಸಾಯತೊಡಗಿದರೆ, ಸತ್ತವನ್ನು ಕೆರೆಗೆ ಎಸೆಯಬೇಡಿ, ಉಳಿದವನ್ನು ಸಂತೆಗೆ ಒಯ್ಯಬೇಡಿ. ಅಂದೇ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ.